ಸಾಗವಾನಿ ಗೋಡೆ

ಬಿಂದುಮಾಧವ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಬೆಳಗಿನ ಚಹಾ ಕುಡಿಯುವ ಮೊದಲು.

ನಾಸಿಕದಲ್ಲಿ ಬ್ಯಾಂಕಿನ ಅಧಿಕಾರಿಯಾಗಿದ್ದ ಅವನ ಮನೆ ಇಳಿಜಾರಿನಲ್ಲಿತ್ತು. ಕಳೆದ ಮಳೆಗಾಲದಲ್ಲಿ ಹಿತ್ತಲ ಮಣ್ಣು ಹೆಂಡತಿಯ ಗುಲಾಬಿ ಗಿಡಗಳ ಸಮೇತ ಕೆಳಮನೆಯ ಸುಶೀಲಾಬಾಯಿಯ ಅಂಗಳ ಸೇರಿತ್ತು. “ಈ ಸಲ ಗುಲಾಬಿ ಹೋದ್ರ ಅದರ ಹಿಂದ ನಾನೂ ಹೋಗ್ತೀನಿ” ಎಂದಿದ್ದಳು ಅಲಕಾ. ಅವಳು ಆಡಿದಂತೆ ಮಾಡುವವಳು. ಬಿಂದುಮಾಧವ ಹೆದರಿ, ನಿಫಾಡ್ ರಸ್ತೆಯಲ್ಲಿ ದ್ರಾಕ್ಷಿತೋಟಕ್ಕೆ ಕಂಬ ಎರಕ ಹೊಯ್ಯುವವನಿಂದ ರೈಲು ಹಳಿಯಡಿಯ ದಿಮ್ಮಿಗಳಂಥ ಸಿಮೆಂಟಿನ ಸ್ಲೀಪರುಗಳನ್ನು ಮಾಡಿಸಿ, ಒಂದರ ಮೇಲೊಂದು ಪೇರಿಸಿ ಮಣ್ಣಿಗೆ ತಡೆಗೋಡೆ ನಿಲ್ಲಿಸಿದ್ದ. ಎರಕದವನು ಕಲಾವಿದ. ಮರದ ಬಣ್ಣ, ಎಳೆ, ಗಂಟು ಎಲ್ಲ ಮೂಡಿಸಿ, ಒಂದೆರಡು ಕಡೆ ಗೆದ್ದಲು ತಿಂದ ಗುರುತನ್ನೂ ಪುಕ್ಕಟೆ ಕೊಟ್ಟಿದ್ದ.

ಗೋಡೆ ನಿಂತ ಮರುದಿನ ಬೆಳಿಗ್ಗೆ ಪಕ್ಕದ ಮನೆಯ ವೈಜನಾಥ ಬೇಲಿಯ ಮೇಲೆ ಕತ್ತು ಚಾಚಿದ. ಬೀದರದಿಂದ ಬಂದು ನೆಲೆಸಿದ ಬಟ್ಟೆ ವ್ಯಾಪಾರಿ. ಓಣಿಯ ಸುದ್ದಿಯೆಲ್ಲ ಅವನ ಅಂಗಡಿಯಿಂದಲೇ ಹೊರಡುತ್ತಿತ್ತು.

“ಸಾಗವಾನಿ ಏನ್ರಿ ಸಾಹೇಬ್ರ?”

ಸಿಮೆಂಟು ಎನ್ನಲು ಬಾಯಿ ಬರಲಿಲ್ಲ. “ಹೌದ್ರಿ, ದಾಂಡೇಲಿದು. ನಮ್ಮ ಭಾವ ಕಳಿಸ್ಯಾರ.”

ಬಿಂದುಮಾಧವ ಬ್ಯಾಂಕಿಗೆ ಹೊರಡಲು ಸ್ಕೂಟರ್ ಒದೆಯುತ್ತಿದ್ದಾಗ ಅರಣ್ಯ ಇಲಾಖೆಯ ಗಾರ್ಡ್ ಬಂದಿಳಿದ. ಮರ ಸಾಗಿಸಿದ ಪಾಸ್ ಎಲ್ಲಿ ಎಂದು ಮರಾಠಿಯಲ್ಲಿ ಗದರಿದ. ಪಾಸ್ ಇಲ್ಲದಿದ್ದರೆ ಗೋಡೆ ಜಪ್ತಿ.

“ಇದು ಸಿಮೆಂಟು!” ಎಂದು ಬಿಂದುಮಾಧವ ಮರಾಠಿಯಲ್ಲೇ ಕೂಗಿದ.

“ಮುಂಜಾನಿ ಸಾಗವಾನಿ ಅಂದ್ರೆಲ್ರೀ?” ಎಂದ ವೈಜನಾಥ.

“ನಿನ್ನಿಯಿಂದ ಸಾಗವಾನಿ ವಾಸನಿ ಘಮ್ ಅಂತ ಹೊಡ್ಯಾಕತ್ತದರಿ” ಎಂದು ಸುಶೀಲಾಬಾಯಿ ಕೆಳಗಿನಿಂದ ಸಾಕ್ಷಿ ನುಡಿದಳು.

ಗಾರ್ಡ್ ಕೋಲಿನಿಂದ ಬಡಿದು ನೋಡಿ, ಹಳೆಯ ಸಾಗವಾನಿ ಹೀಗೇ ಕಲ್ಲಿನಂತಿರುತ್ತದೆ ಎಂದ. ಬಿಂದುಮಾಧವ ನೀರು ಸುರಿದ. ಒದ್ದೆಯಾದ ಎಳೆಗಳು ಇನ್ನೂ ಚೆಂದ ಕಂಡವು. ಮೊಳೆ ಹೊಡೆದ, ಮೊಳೆ ಡೊಂಕಾಗಿ ಹೆಬ್ಬೆರಳು ಬಾತಿತು.

“ಜಾತಿ ಮರಕ್ಕ ಮೊಳಿ ಇಳಿಯಂಗಿಲ್ರಿ” ಎಂದ ವೈಜನಾಥ. ಇಂಥ ನೆರೆಹೊರೆ ಇದ್ದವರಿಗೆ ಬೇರೆ ಶತ್ರು ಬೇಕಿಲ್ಲ.

ಸೀಮೆಎಣ್ಣೆ ಸುರಿದು ಕಡ್ಡಿ ಗೀರಹೋದರೆ, ಸಾಕ್ಷ್ಯ ನಾಶದ ಕೇಸು ಬೇರೆ ಬೀಳುತ್ತದೆ ಎಂದು ಗಾರ್ಡ್ ಕೈ ಹಿಡಿದ.

ಆಗ ಗದ್ದಲ ಕೇಳಿ ನೆರೆದಿದ್ದ ಗುಂಪಿನಿಂದ ಕಂಕುಳಲ್ಲಿ ಚೀಲವಿದ್ದ ಕನ್ನಡಕದವನೊಬ್ಬ ಮುಂದೆ ಬಂದ. ಸುತ್ತಿಗೆ, ಚಾಣ ತರಿಸಿ ಮೂಲೆಯ ಚೂರೊಂದನ್ನು ಹಾರಿಸಿದ. ಒಳಗೆ ಬೂದು ಸಿಮೆಂಟು, ಜಲ್ಲಿ, ಕಬ್ಬಿಣದ ಸರಳು.

“ಪಕ್ಕಾ ಸಿಮೆಂಟ್!”

ಗಾರ್ಡ್ ಮುಖ ಸಣ್ಣಗೆ ಮಾಡಿಕೊಂಡು ಹೋದ. ಬಿಂದುಮಾಧವನಿಗೆ ಅಳುವೇ ಬಂತು. ಆ ಪುಣ್ಯಾತ್ಮನಿಗೆ ಕುರ್ಚಿ ಹಾಕಿಸಿ ಅವಲಕ್ಕಿ, ಚಹಾ ಕೊಡಿಸಿದ. ಗೋಡೆ ಎಷ್ಟು ಉದ್ದ ಎಂದು ಅವನು ಕೇಳಿದಾಗ ಟೇಪಿನ ಇನ್ನೊಂದು ತುದಿಯನ್ನು ತಾನೇ ಹಿಡಿದ. ಗಟ್ಟಿ ಇದೆಯೇ ಎಂದರೆ, ನೂರು ವರ್ಷ ಅಲುಗಾಡದು ಎಂದ. ಕೊನೆಗೆ ಕೈಮುಗಿದ.

“ಸಾಹೇಬ, ಇದು ಸಿಮೆಂಟು ಅಂತ ಬರೆದುಕೊಡಿ. ಶಿಕ್ಕಾ ಇದ್ದರೆ ಇನ್ನೂ ಒಳ್ಳೆಯದು.”

“ಶಿಕ್ಕಾ ಇದೆ” ಎಂದು ಆತ ಚೀಲದಿಂದ ಪುಸ್ತಕ ತೆಗೆದು ಬರೆದು, ಮುದ್ರೆ ಒತ್ತಿ, ಹರಿದುಕೊಟ್ಟ.

ಬಿಂದುಮಾಧವ ಅದನ್ನು ವೈಜನಾಥನಿಗೆ ಕೇಳುವಂತೆ ಗಟ್ಟಿಯಾಗಿ ಓದತೊಡಗಿ, ಎರಡನೆಯ ಸಾಲಿಗೆ ನಿಂತುಬಿಟ್ಟ. ಮಹಾನಗರಪಾಲಿಕೆ, ಕಟ್ಟಡ ವಿಭಾಗ. ಪರವಾನಗಿ ಇಲ್ಲದ ಸಿಮೆಂಟ್ ಗೋಡೆಯನ್ನು ಮಾಲೀಕರೇ ಏಳು ದಿನಗಳಲ್ಲಿ ಕೆಡವತಕ್ಕದ್ದು.

“ಮರದ್ದಾಗಿದ್ದರೆ ನಾನು ಮುಟ್ಟುವ ಹಾಗೇ ಇರಲಿಲ್ಲ” ಎಂದ ಆತ ಚಹಾ ಮುಗಿಸುತ್ತಾ. “ನೂರು ವರ್ಷದ ಗೋಡೆ ಅಂತೀರಿ, ಕೆಡವಲು ನಾಲ್ಕಾಳು ಹೆಚ್ಚು ಹಚ್ಚಿ. ಇಲ್ಲಿ ಸಹಿ ಮಾಡಿ, ಸಾಹೇಬ.”