ಅತ್ತಿಗೆ ಒಡೆದ ಅಡುಗೆಮನೆ

ನಮ್ಮ ಅತ್ತಿಗೆ ಕಂಪ್ಯೂಟರ್ ವಿದ್ಯೆ ಕಲಿಯಲು ಅಡುಗೆಮನೆ ಒಡೆದರು ಎಂದರೆ ನಾವಿರುವ ಡೊಂಬಿವಲಿಯಲ್ಲಿ ಯಾರೂ ನಂಬುವುದಿಲ್ಲ. ಗೋಡೆಯನ್ನಲ್ಲ, ಪುಣ್ಯಕ್ಕೆ! ಕೆಲಸವನ್ನು ಒಡೆದರು.

ರಬಾಳೆಯಲ್ಲಿರುವ ಅವರ ಕಂಪನಿಯಲ್ಲಿ ಹಳೆಯ ದೊಡ್ಡ ಸಾಫ್ಟ್‌ವೇರನ್ನು ಕೆಡವಿ, ಸಣ್ಣ ಸಣ್ಣ ತುಂಡುಗಳಾಗಿ ಹೊಸದಾಗಿ ಕಟ್ಟುವ ಯೋಜನೆ ಬಂತು. ಹಳೆಯದನ್ನು ಬರೆದವರು ಇದೇ ಅತ್ತಿಗೆ. ಹೊಸ ವಿಧಾನ ಕಲಿತು ಸಾಹೇಬರ ಮುಂದೆ ವಿವರಿಸಿದರೆ ಯೋಜನೆಯಲ್ಲಿ ಜಾಗ, ಇಲ್ಲದಿದ್ದರೆ ಬೇರೆ ವಿಭಾಗ. ಬೇರೆಯವರಾದರೆ ವಿಡಿಯೊ ನೋಡಿ ಕಲಿಯುತ್ತಾರೆ. ಇವರಿಗೆ ಮನೆಯಲ್ಲಿ ಮಾಡಿ ನೋಡದೆ ಯಾವ ವಿದ್ಯೆಯೂ ತಲೆಗೆ ಹತ್ತುವುದಿಲ್ಲ!

ಅಡುಗೆಮನೆಯ ಕೆಲಸವನ್ನೂ ತುಂಡು ಮಾಡಿ ಹಂಚಿದರು: ಅಣ್ಣನಿಗೆ ಚಹಾ ಮಾಡುವುದು, ಮಗಳಿಗೆ ಹಾಲು ತರುವುದು, ನನಗೆ ಸಾರು ಮಾಡುವುದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬಾರದು. ಬೇಕಾದದ್ದನ್ನು ಫೋನಿನಲ್ಲಿ ಸಂದೇಶ ಕಳಿಸಿ ಕೇಳಬೇಕು. ಇಬ್ಬರು ನಿಂತರೆ ಮೊಣಕೈ ತಾಗುವ ಅಡುಗೆಮನೆಯಲ್ಲಿ ಸಂದೇಶ!

ಮೊದಲ ಬೆಳಗ್ಗೆ ಮಗಳು ಹಾಸಿಗೆಯಿಂದಲೇ "ಪಾಚ್ ಮಿನಿಟ್, ಮಮ್ಮಿ" ಎಂದು ಮರಾಠಿಯಲ್ಲಿ ಐದು ನಿಮಿಷ ಕೇಳಿದಳು. ಅಣ್ಣ ಹಾಲಿಗಾಗಿ ಕಾಯುತ್ತ ಕೂತ. ಚಹಾ ಕುದಿದು ಕುದಿದು ಕಷಾಯವಾಯಿತು. ಅತ್ತಿಗೆಗೋ ಸಂಭ್ರಮ.

"ಆಫೀಸಲ್ಲೂ ಇದೇ ತೊಂದರೆ. ಹಾಲು ಬರದಿದ್ರೆ ಕಾಯ್ಲಿಕ್ಕಿಲ್ಲ, ಕಪ್ಪು ಚಹಾ ಕೊಡಿ. ಒಬ್ರು ನಿಂತ್ರೆ ಇಡೀ ಮನೆ ನಿಲ್ಬಾರ್ದು."

ಇನ್ನೊಂದು ಸಂಜೆ, ಸಾರಿಗೆ ಉಪ್ಪು ಹಾಕು ಎಂಬ ಸಂದೇಶವನ್ನು ರೈಲಿನಿಂದ ಕಳಿಸಿದರು. ನೆಟ್‌ವರ್ಕ್ ನಂಬಲಾರದೆ ಮತ್ತೊಮ್ಮೆ ಕಳಿಸಿದರು. ಆಜ್ಞಾಪಾಲಕನಾದ ನಾನು ಎರಡು ಸಲವೂ ಹಾಕಿದೆ! ಬೈಗುಳಕ್ಕೆ ಕಾದು ಕೂತರೆ, ಒಂದು ತುತ್ತು ಬಾಯಿಗಿಟ್ಟವರು ಎದ್ದು ಹೋಗಿ ಲ್ಯಾಪ್‌ಟಾಪ್ ತೆರೆದರು. ಒಂದೇ ಸಂದೇಶ ಎರಡು ಸಲ ಬಂದರೂ ಕೆಲಸ ಒಂದೇ ಸಲ ಆಗಬೇಕೆಂಬ ಪಾಠ ಆಗ ಅರ್ಥವಾಯಿತಂತೆ. ಅವರಿಗೆ ವಿದ್ಯೆ ಸಿಕ್ಕಿತು. ನಾವು ರಾತ್ರಿಯಿಡೀ ನೀರು ಕುಡಿದೆವು.

ಸಾಹೇಬರ ಮುಂದೆ ವಿವರಿಸುವ ದಿನ ಬೆಳಗ್ಗೆ ಅತ್ತಿಗೆ ಸೀರೆ ಉಟ್ಟು ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ. ಏನಾಯಿತೆಂದು ಕೇಳಿದೆ.

"ಎಲ್ಲ ಬರ್ತದೆ ಮಾರಾಯ. ಆದ್ರೆ ಆ ಹಳೇದನ್ನ ನಾನೇ ಕಟ್ಟಿದ್ದಲ್ವಾ? ಒಡೀರಿ ಅಂತ ನಾನೇ ಹೇಗೆ ಹೇಳುದು?"

ನಗಿಸೋಣವೆಂದು ಹೊರಟವನು ಅವರ ಮುಖ ನೋಡಿ ಪಕ್ಕದ ಕುರ್ಚಿ ಎಳೆದು ಕೂತೆ.

ಆಗ ಅಣ್ಣ ಬಂದ. ಈ ಪ್ರಯೋಗ ಶುರುವಾಗುವ ತನಕ ಹೆಂಡತಿಗೆ ಒಂದು ಲೋಟ ನೀರನ್ನೂ ಕೊಟ್ಟವನಲ್ಲ! ಯಾರ ಸಂದೇಶವೂ ಇಲ್ಲದೆ, ಕಪ್ಪು ಚಹಾದ ಲೋಟವನ್ನು ಅವರ ಕೈಗಿಟ್ಟ.

"ಹಾಲು ಬರ್ಲಿಲ್ಲ. ನಾನು ಕಾಯ್ಲಿಲ್ಲ. ಕುಡಿದು ಹೊರಡು. ಬೇರೆ ಯಾರು ನಿಂತ್ರೂ ನಡೀತದೆ, ನೀನು ನಿಂತ್ರೆ ಮನೆ ನಿಲ್ತದೆ."

ಅತ್ತಿಗೆ ಕಣ್ಣೊರೆಸಿಕೊಂಡು ಚಹಾ ಕುಡಿದು ಹೊರಟರು. ಸಂಜೆ ಯೋಜನೆಯಲ್ಲಿ ಜಾಗ ಸಿಕ್ಕಿದ ಸುದ್ದಿ ತಂದರು. ಅಡುಗೆಮನೆಯನ್ನು ಮತ್ತೆ ಒಂದು ಮಾಡಿ, ನಮ್ಮೆಲ್ಲರ ಕೆಲಸವನ್ನು ವಾಪಸು ತೆಗೆದುಕೊಂಡರು.

ಬೆಳಗಿನ ಚಹಾವನ್ನು ಮಾತ್ರ ಅಣ್ಣ ಇವತ್ತಿಗೂ ಬಿಟ್ಟುಕೊಟ್ಟಿಲ್ಲ.