ಬೆನ್ನಿಗೆಂದು ಎತ್ತಿಟ್ಟ ಗುಳಿಗೆಗಳು

ನಮ್ಮ ವೃತ್ತಿಯಲ್ಲಿ ಕೃತಜ್ಞತೆ ನಿರೀಕ್ಷಿಸಬಾರದು ಎಂಬ ಬುದ್ಧಿ ನನಗೆ ತಡವಾಗಿ ಬಂತು. ನಾನು ಅರಿವಳಿಕೆ ತಜ್ಞ, ಆಪರೇಷನ್ನಿಗೆ ಮುಂಚೆ ಬೆನ್ನಿಗೆ ಸೂಜಿ ಹಾಕಿ ನೋವು ತಿಳಿಯದಂತೆ ಮಾಡುವವನು. ಬೆಳಗಿನ ಆಪರೇಷನ್ ಹಾವೇರಿಯಲ್ಲಿ, ಮಧ್ಯಾಹ್ನದ್ದು ಬ್ಯಾಡಗಿಯಲ್ಲಿ, ಸಂಜೆಯದು ರಾಣೇಬೆನ್ನೂರಿನಲ್ಲಿ ಅಂತ ಕಾರಿನಲ್ಲೇ ಸಂಸಾರ ಮಾಡುವವನು. ಗುಣವಾದವರು ಸರ್ಜನ್ನರಿಗೆ ಪೇಢೆ ಕೊಟ್ಟು ಕಾಲು ಮುಟ್ಟುತ್ತಾರೆ. ನಾನು ಚೆನ್ನಾಗಿ ಕೆಲಸ ಮಾಡಿದಷ್ಟೂ ಅವರಿಗೆ ನನ್ನ ಮುಖ ನೆನಪಿರುವುದಿಲ್ಲ. ಎಂದಾದರೂ ಬೆನ್ನು ನೊಂದರೆ ಮಾತ್ರ ಥಟ್ಟನೆ ನೆನಪಾಗುತ್ತೇನೆ. ಮದುವೆಯೊಂದರ ಪಂಕ್ತಿಯಲ್ಲಿ ಎದುರು ಕೂತವರೊಬ್ಬರು ಹೋಳಿಗೆ ಮುರಿಯುತ್ತಾ, "ಇವರ ನೋಡ್ರಿ, ನನ್ನ ಬೆನ್ನಾಗ ಸೂಜಿ ಹಾಕಿದವರು" ಎಂದು ಬೀಗರಿಗೆ ನನ್ನ ಪರಿಚಯ ಮಾಡಿಕೊಟ್ಟಿದ್ದರು. ಬೀಗರು ನನ್ನ ಕಡೆ ನೋಡಿದ ನೋಟಕ್ಕೆ ನನಗೆ ಹೋಳಿಗೆ ಇಳಿಯಲಿಲ್ಲ.

ಹೋದ ತಿಂಗಳು ಬ್ಯಾಡಗಿಯ ನೀಲವ್ವ ಗರ್ಭಕೋಶದ ಆಪರೇಷನ್ನಿಗೆ ಬಂದಾಗಲೂ ಇದೇ ತಕರಾರು.

"ಬೆನ್ನಾಗ ಸೂಜಿ ಬ್ಯಾಡ್ರಿ ಸರ. ನಮ್ಮ ನೆಗೆಣ್ಣಿಗೆ ಹೆರಿಗಿ ಮುಂದ ಹಾಕಿದ್ರು. ಆ ಕೂಸು ಈಗ ಮದುವಿಗೆ ಬಂದೈತಿ, ಆಕಿ ಬೆನ್ನು ಇನ್ನೂ ನೆಟ್ಟಗಾಗಿಲ್ಲ."

"ನಿಮ್ಮ ನೆಗೆಣ್ಣಿ ಏನ್ ಕೆಲಸ ಮಾಡ್ತಾರವ್ವಾ?"

"ಮೆಣಸಿನಕಾಯಿ ತೊಟ್ಟು ಬಿಡಸ್ತಾಳ್ರಿ. ಮುಂಜಾನಿ ಕುಂತ್ರ ಸಂಜಿಕ ಏಳಾಕಿ."

ಹಾಗೆ ದಿನವಿಡೀ ಬಗ್ಗಿ ಕೂತರೆ ಯಾರ ಬೆನ್ನಾದರೂ ನೋಯುತ್ತದೆ, ಪಾಪ, ಸೂಜಿಯದೇನೂ ತಪ್ಪಿಲ್ಲ ಎಂದು ಎಂದಿನ ಪಾಠ ಒಪ್ಪಿಸಿದೆ. ಹೇಳಿ ಹೇಳಿ ಬಾಯಿ ಸೋತಿದೆ, ಆದರೂ ಹೇಳಿದೆ. ನೀಲವ್ವ ತಲೆಯಾಡಿಸಿದಳು. ತಲೆಯಾಡಿಸುವುದಕ್ಕೂ ನಂಬುವುದಕ್ಕೂ ಸಂಬಂಧವಿಲ್ಲ ಎಂಬುದು ಇಷ್ಟು ವರ್ಷಕ್ಕೆ ನನಗೆ ಗೊತ್ತಿರಬೇಕಿತ್ತು. ಸೂಜಿ ಹಾಕಿದೆ, ಆಪರೇಷನ್ ಸುಸೂತ್ರವಾಯಿತು.

ಎರಡು ದಿನ ಬಿಟ್ಟು ನರ್ಸಮ್ಮನ ಫೋನು. "ಸರ, ನೀಲವ್ವ ನೋವಿಗೆ ಕೆಮ್ಮಾಕ ಒಲ್ಲೆ ಅಂತಾರ್ರಿ, ಏಳಾಕೂ ಒಲ್ಲೆ ಅಂತಾರ. ಗುಳಗಿ ಹೊತ್ತಿಗೆ ಸರಿಯಾಗಿ ಕೊಟ್ಟೀನ್ರಿ. ಎದಿಯಾಗ ಕಫ ಗುರುಗುಟ್ಟಾಕತ್ತೈತಿ, ಲಗೂ ಬರ್ರಿ."

ಕೆಮ್ಮದೆ ಬಿಟ್ಟರೆ ಕಫ ಕಟ್ಟಿ ನ್ಯುಮೋನಿಯಾ ಆಗಿ ಜೀವಕ್ಕೇ ಕುತ್ತು ಬರಬಹುದು. ರಾಣೇಬೆನ್ನೂರಿನ ದಾರಿಯಲ್ಲಿದ್ದವನು ಹೆದರಿ ಕಾರು ತಿರುಗಿಸಿದೆ. ಆಸ್ಪತ್ರೆಯಲ್ಲಿ ನೀಲವ್ವ ತುಟಿ ಕಚ್ಚಿಕೊಂಡು, ಉಸಿರನ್ನೂ ಅರ್ಧರ್ಧವೇ ಎಳೆಯುತ್ತಾ ಮಲಗಿದ್ದಳು. ಸ್ವಲ್ಪ ಎತ್ತರಿಸಿ ಕೂರಿಸೋಣವೆಂದು ದಿಂಬು ಎಳೆದರೆ ಕೆಳಗೆ ಎಲೆಯಡಿಕೆ ಸಂಚಿ. ಅದರೊಳಗಿಂದ ನಾವು ಕೊಟ್ಟ ನೋವಿನ ಗುಳಿಗೆಗಳೆಲ್ಲ ಅಡಿಕೆ ಹೋಳುಗಳ ಜೊತೆ ಹಾಸಿಗೆಯ ಮೇಲೆ ಉದುರಿದವು.

"ಇವನ್ಯಾಕ ನುಂಗಿಲ್ಲವ್ವಾ?"

"ಹೊಟ್ಟಿ ನೋವು ನಾಕ ದಿನದ್ದು ಸರ, ಹೆಂಗರ ತಡಕೋತೇನಿ. ಬೆನ್ನಿಂದು ಸಾಯೂತನ ಇರತೈತಲ್ಲ, ಅದಕ್ಕಂತ ಎತ್ತಿಟ್ಟೇನಿ."

ಸಿಟ್ಟು ಬರಬೇಕಿತ್ತು. ಕಣ್ಣು ತುಂಬಿ ಬಂತು. ನಾನು ಹಾಕಿದ ಸೂಜಿಯ ಭಯಕ್ಕೆ ಈಕೆ ಇರುವ ನೋವನ್ನು ಹಲ್ಲು ಕಚ್ಚಿ ತಿಂದು, ಇಲ್ಲದ ನೋವಿಗೆ ಔಷಧಿ ಕೂಡಿಡುತ್ತಿದ್ದಳು. ಎದುರು ಕೂತು ಗುಳಿಗೆ ನುಂಗಿಸಿದೆ. ಬೆನ್ನು ನೊಂದ ದಿನ ನನ್ನನ್ನೇ ಕರೆಸಿ ಎಂದು ಮಾತು ಕೊಟ್ಟೆ. ತುಸು ಹೊತ್ತಿಗೆ ನೋವು ಇಳಿಯಿತು. ಹೊಟ್ಟೆಗೆ ದಿಂಬು ಅವಚಿಕೊಂಡು ಆಕೆ ಕೆಮ್ಮಿದಾಗ ಹೋದ ಜೀವ ಬಂತು, ನನಗೆ.

ಸ್ಟೂಲಿನಿಂದ ಏಳುವಾಗ ಸೊಂಟ ಹಿಡಿದುಕೊಂಡು "ಅಯ್ಯಪ್ಪಾ" ಎಂದೆ. ನೀಲವ್ವನ ಮುಖ ಅರಳಿತು.

"ನಿಮಗೂ ಯಾರರ ಸೂಜಿ ಹಾಕ್ಯಾರೇನ್ರಿ ಸರ?"

"ಹರ್ನಿಯಾ ಆದಾಗ ಹಾಕಿದ್ರವ್ವಾ. ಆದ್ರ ಇದು ಕಾರು ಓಡ್ಸಿ ಓಡ್ಸಿ ಬಂದ ನೋವು."

ನೀಲವ್ವ ತಲೆಯಾಡಿಸಿದಳು.

ಕಾರಿನಲ್ಲಿ ಕೂತಾಗ ಬೆನ್ನು ಮತ್ತೆ ಛಳಕ್ ಎಂದಿತು. ನನಗೆ ಸೂಜಿ ಹಾಕಿದ್ದ ಗೆಳೆಯ ಥಟ್ಟನೆ ನೆನಪಾದ. ಆಪರೇಷನ್ ಆದ ಮೇಲೆ ಅವನನ್ನು ನೆನೆದದ್ದು ಇದೇ ಮೊದಲು. ಪೇಢೆಯನ್ನು ನಾನೂ ಸರ್ಜನ್ನರಿಗೇ ಕೊಟ್ಟಿದ್ದೆ.