ಹತ್ತಿ ಹೊಲದಲ್ಲಿ ಮಾವನ ಗ್ರಾಫು

ಕಳೆದ ನವೆಂಬರ್ ಎರಡನೇ ಸೋಮವಾರ ನನ್ನ ಸೋದರಮಾವ ಎಂಟನೇ ತರಗತಿಯ ಅಂಕಗಳ ಆನ್‌ಲೈನ್ ಹಾಳೆಯನ್ನು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿದರು. ಸಂಜೆಯೊಳಗೆ ಇಡೀ ತರಗತಿ ಪಾಸಾಯಿತು. ಒಬ್ಬರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ, ಎಲ್ಲರಿಗೂ ಮೂವತ್ತೈದು!

ಸುರಪುರ ತಾಲ್ಲೂಕಿನಲ್ಲಿ ಗಣಿತ ಮಾಸ್ತರರಾಗಿರುವ ಮಾವನಿಗೆ ಮನುಷ್ಯರು ಗೆರೆಗಳಾಗಿಯೇ ಕಾಣುತ್ತಾರೆ. ಹಾಜರಿ, ಅಂಕ, ಮಗ್ಗಿ ಎಲ್ಲಕ್ಕೂ ಗ್ರಾಫ್. ಒಮ್ಮೆ ಅತ್ತೆ ಬಡಿಯುವ ರೊಟ್ಟಿಯ ದಪ್ಪಕ್ಕೂ ಗ್ರಾಫ್ ಹಾಕಿ, "ಮಂಗಳವಾರ ಏರ್ಯಾದ ನೋಡು" ಅಂದರು.

"ಬುಧವಾರ ನಿಮ್ಮ ಗಂಗಾಳದಾಗ ರೊಟ್ಟಿನೇ ಇರಂಗಿಲ್ಲ. ಅದನ್ನೂ ಬರಕೋರಿ," ಎಂದರು ಅತ್ತೆ.

ಆ ಗ್ರಾಫ್ ಮುಂದುವರಿಯಲಿಲ್ಲ.

ಪಾಲಕರಿಗೆ ಹಾಳೆಯನ್ನು ನೋಡಲು ಮಾತ್ರ ಕೊಡಬೇಕಿತ್ತು. ಮಾವ ತಿದ್ದಲೂ ಕೊಟ್ಟಿದ್ದರು. ತಿದ್ದಿದವರು ಯಾರು? ಫೋನ್ ಮೇಲೆ ಫೋನ್ ಹಚ್ಚಿದಾಗ, ತಿಂಥಣಿಯಲ್ಲಿ ಮೀನು ಹಿಡಿಯುವ ತಂದೆಯೊಬ್ಬ ಸರಳವಾಗಿ ಒಪ್ಪಿಕೊಂಡ.

"ನಾನೇ ರೀ ಸರ್. ನನ್ನ ಮಗಳೊಬ್ಬಾಕಿಗೇ ಹಾಕಿದ್ರ ಮಂದಿ ಏನಂದಾರು?"

"ತೊಂಬತ್ತು ಇದ್ದವರಿಗೂ ಮೂವತ್ತೈದು ಹಾಕೀಯಲ್ಲೋ ಮಾರಾಯ!"

"ಪಂಕ್ತಿ ಊಟದಾಗ ಒಬ್ಬರಿಗೇ ಎರಡು ಹೋಳಿಗಿ ಬಡಸ್ತಾರೇನ್ರಿ?"

ಮಾವ ನಕ್ಕರು. ನಗುತ್ತಲೇ ಆ ಹುಡುಗಿಯ ಅಂಕಗಳ ಗೆರೆ ತೆಗೆದು ನೋಡಿದರು. ಜೂನ್‌ನಿಂದ ಏರುತ್ತಾ ಬಂದದ್ದು ಅಕ್ಟೋಬರ್ ಕೊನೆಗೆ ತಟ್ಟನೆ ನಿಂತಿತ್ತು.

"ಎಲ್ಲಿ ಹೋಗ್ಯಾಳ ಹುಡುಗಿ?"

"ಅವರವ್ವನ ಕೂಡ ಹತ್ತಿ ಬಿಡಸಾಕ ಹೋಗ್ಯಾಳ್ರಿ. ಇನ್ನ ಸಾಲಿ ಬಿಡಸ್ತೀವಿ. ಪಾಸಾಗಿ ಸಾಲಿ ಬಿಟ್ಲು ಅಂತಾದ್ರೂ ಆಗ್ಲಿ ಅಂತ..."

ಮಾವ ನಗುವುದನ್ನು ನಿಲ್ಲಿಸಿದರು.

ಮರುದಿನ ರಜೆ ಹಾಕಿ ಹೊಲಕ್ಕೆ ಹೋದರು. ತಾಯಿಗೆ ಓದು ಬಾರದು. ಮೊಬೈಲಿನ ಗೆರೆಯನ್ನು ದಿಟ್ಟಿಸಿ ಕೇಳಿದಳು:

"ಇದೇನ್ರಿ ಸರ್, ಗುಡ್ಡಾ?"

"ನಿನ್ನ ಮಗಳು ಹತ್ತಿದ್ದವ್ವಾ."

"ಇಲ್ಲಿ ಯಾಕ ಮುರದದ?"

"ಅಲ್ಲಿಂದ ಈ ಹೊಲ ಶುರು."

ಒಂದು ಗ್ರಾಫಿಗೆ ಒಂದು ಗಂಟೆ ವಿವರಣೆ ಕೊಡುವ ಮಾವ ಅಷ್ಟಕ್ಕೇ ಮೊಬೈಲು ಜೇಬಿಗಿಟ್ಟರು. ಹುಡುಗಿಯ ಸೊಂಟದ ಹತ್ತಿ ಚೀಲ ಬಿಚ್ಚಿಸಿ ತಾವು ಕಟ್ಟಿಕೊಂಡರು. ಆಕೆ ಬಿಡಿಸಬೇಕಿದ್ದ ಗಿಡಗಳ ಸಾಲಿನಲ್ಲಿ ನಿಂತು ಹತ್ತಿ ಬಿಡಿಸತೊಡಗಿದರು. ಸಾಲು ಮುಗಿದ ಮೇಲೆ ತಾಯಿ ಹಿಂದೆಯೇ ಬಂದು ಗಿಡಗಳನ್ನು ನೋಡಿದಳು.

"ಸಾಕು ಬಿಡ್ರಿ ಸರ್. ಅರ್ಧ ಹತ್ತಿ ಕಾಯಿಯಾಗೇ ಬಿಟ್ಟೀರಿ. ನಾಳಿಂದ ನನ್ನ ತಂಗಿನ್ನ ಕರಕೊಂಡು ಬರ್ತೀನಿ. ಇಕಿ ಸಾಲಿಗೆ ಬರ್ತಾಳ."

ಡಿಸೆಂಬರ್ ಮೊದಲ ಶನಿವಾರ ಗಣಿತದ ಪರೀಕ್ಷೆ ನಡೆಯಿತು. ಹುಡುಗಿ ಹಾಜರಿದ್ದಳು. ನೂರಕ್ಕೆ ಇಪ್ಪತ್ತೆಂಟು. ಪಾಸಿಗೆ ಏಳು ಕಡಿಮೆ, ಆದರೆ ಮುರಿದಿದ್ದ ಗೆರೆ ಮತ್ತೆ ಶುರುವಾಗಿತ್ತು.